ಗಾಳಿ ತಿರುಗಿದರೆ ನಿಲ್ಲುವ ಜಾಗವೂ ತಿರುಗಬೇಕು

ನಾನು ಬೆಳೆದದ್ದು ಬೆಂಗಳೂರಿನ ದೊಮ್ಮಲೂರಿನಲ್ಲಿ. ಆಗ ಊರಿಗೆಲ್ಲ ಇದ್ದದ್ದು ಎಚ್‌ಎಎಲ್ ವಿಮಾನ ನಿಲ್ದಾಣವೊಂದೇ. ದೀಪಾವಳಿ ಕಳೆದು ಚಳಿ ಶುರುವಾಯಿತೆಂದರೆ, ಇಳಿಯಲು ಬರುವ ವಿಮಾನಗಳು ಕೋರಮಂಗಲದ ಕಡೆಯಿಂದ ತಗ್ಗುತ್ತ ಬಂದು, ಗಾಲ್ಫ್ ಮೈದಾನದ ಮರಗಳ ಮೇಲೆ ಹಾದು ರನ್‌ವೇ ಸೇರುತ್ತಿದ್ದವು. ನಮ್ಮ ಮನೆಯ ತಾರಸಿಯಲ್ಲಿ ಅಮ್ಮ ಹರವಿದ ಬಟ್ಟೆಗಳ ನಡುವೆ ನಿಂತರೆ, ಹೊಟ್ಟೆಯಿಂದ ಹೊರಬಂದ ಚಕ್ರಗಳೂ ರೆಕ್ಕೆಯ ಹಿಂಬದಿಯಲ್ಲಿ ಕೆಳಕ್ಕೆ ಬಾಗಿದ ಫಲಕಗಳೂ ಬರಿಗಣ್ಣಿಗೆ ಕಾಣುತ್ತಿದ್ದವು. ಅಡುಗೆಮನೆಯ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಹೊತ್ತಿಗೆ ಆ ವಿಮಾನಗಳು ಇದ್ದಕ್ಕಿದ್ದಂತೆ ಕಾಣೆಯಾಗುತ್ತಿದ್ದವು. ಅವುಗಳ ಬದಲು ಆಗಲೇ ಮೇಲೇರಿ, ಬಹಳ ಎತ್ತರದಲ್ಲಿ ನಮ್ಮನ್ನು ದಾಟಿ ಹೋಗುವ ವಿಮಾನಗಳಷ್ಟೇ ಕಾಣುತ್ತಿದ್ದವು. ನಾನು ಬೇಸರ ಮಾಡಿಕೊಂಡು ಕೂತಿದ್ದ ಒಂದು ಭಾನುವಾರ ಅಪ್ಪ ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಮಾರತಹಳ್ಳಿಯ ಕಡೆಗೆ ಕರೆದೊಯ್ದರು. ರಸ್ತೆಯ ಪಕ್ಕ ಸ್ಕೂಟರ್ ನಿಲ್ಲಿಸಿ, "ಗಾಳಿ ತಿರುಗಿದೆ ಕಣಮ್ಮ, ಈಗ ಅವು ಈ ಕಡೆಯಿಂದ ಬರ್ತಾವೆ" ಎಂದರು. ಹತ್ತು ನಿಮಿಷ ಕಳೆಯುವುದರೊಳಗೆ ಪೂರ್ವದ ಮೋಡದಿಂದ ಎರಡು ದೀಪಗಳು ಮೂಡಿ ನಮ್ಮತ್ತಲೇ ಬರತೊಡಗಿದವು.

ವಿಮಾನ ನೋಡುವ ಹವ್ಯಾಸದ ಬಗ್ಗೆ ನಾನು ಆಮೇಲೆ ಓದಿ, ಕೇಳಿ, ತಿರುಗಾಡಿ ತಿಳಿದದ್ದು ಬಹಳವಿದೆಯಾದರೂ, ಅಷ್ಟಕ್ಕೂ ಬುನಾದಿ ಅಪ್ಪನ ಆ ಒಂದು ಮಾತು. "ವಿಮಾನ ನೋಡಲು ಎಲ್ಲಿ ನಿಲ್ಲಬೇಕು?" ಎಂದು ಪರಿಚಯದವರು ಕೇಳಿದಾಗೆಲ್ಲ ನಾನು ಜಾಗದ ಹೆಸರು ಹೇಳುವ ಮೊದಲು, ಯಾವ ತಿಂಗಳು, ಯಾವ ಹೊತ್ತು ಎಂದು ಮರಳಿ ಕೇಳುತ್ತೇನೆ. ನಕ್ಷೆಯಲ್ಲಿ ಒಂದು ಗುರುತು ಹಾಕಿಕೊಂಡು ಹೋದವರು ಅರ್ಧ ದಿನ ಕಾದು, ದೂರದಲ್ಲಿ ಬಾಲಗಳನ್ನಷ್ಟೇ ನೋಡಿ ಮರಳಿದ್ದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಎದುರು ಗಾಳಿ ಇದ್ದಷ್ಟೂ ನೆಲದ ಮೇಲೆ ಓಡಬೇಕಾದ ದೂರ ಕಡಿಮೆಯಾಗುತ್ತದೆ. ರನ್‌ವೇಯ ತುದಿಯಲ್ಲಿ ಬಿಳಿ ಬಣ್ಣದಲ್ಲಿ ಬರೆದ ದೊಡ್ಡ ಅಂಕಿಗಳು ದಿಕ್ಸೂಚಿಯ ಅಂಕಿಗಳು. ಕೊನೆಯ ಸೊನ್ನೆಯನ್ನು ಬಿಟ್ಟು ಬರೆದಿರುತ್ತಾರೆ. 09 ಎಂದರೆ 90 ಡಿಗ್ರಿ, ಅಂದರೆ ಮೂಡಣಕ್ಕೆ ಮುಖ. 27 ಎಂದರೆ 270 ಡಿಗ್ರಿ, ಪಡುವಣಕ್ಕೆ ಮುಖ. ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ 2008ರ ಮೇ 24ರಂದು ಒಂದೇ ರನ್‌ವೇಯೊಂದಿಗೆ ತೆರೆಯಿತು. ಅದಕ್ಕೆ ಸಮಾನಾಂತರವಾಗಿ ದಕ್ಷಿಣದಲ್ಲಿ ಎರಡನೆಯದು 2019ರ ಡಿಸೆಂಬರಿನಲ್ಲಿ ಬಳಕೆಗೆ ಬಂತು. ಎರಡೂ 4000 ಮೀಟರ್ ಉದ್ದ, ಎರಡೂ ಪೂರ್ವ-ಪಶ್ಚಿಮ. ಹೀಗೆ ಜೋಡಿ ಇರುವಾಗ ಅಂಕಿಯ ಜೊತೆಗೆ ಎಡಕ್ಕೆ 'ಎಲ್', ಬಲಕ್ಕೆ 'ಆರ್' ಅಕ್ಷರ ಸೇರುತ್ತದೆ. ಸ್ಪಾಟರುಗಳ, ಅಂದರೆ ವಿಮಾನ ನೋಡುವ ಹವ್ಯಾಸಿಗಳ ನಡುವೆ "ಇವತ್ತು ಜೀರೋ ನೈನಾ, ಟೂ ಸೆವೆನ್ನಾ?" ಎಂಬ ಪ್ರಶ್ನೆಯೇ ನಮಸ್ಕಾರಕ್ಕಿಂತ ಮೊದಲು ಬರುತ್ತದೆ.

ನಮ್ಮ ಕಡೆಯವರಿಗೆ ಇದರ ಉತ್ತರ ತಿಳಿಯಲು ಹವಾಮಾನ ವರದಿ ಬೇಕಾಗಿಲ್ಲ. ಆಷಾಢದ ಗಾಳಿ ಎಂಬ ಮಾತನ್ನು ಕೇಳದ ಕನ್ನಡಿಗರುಂಟೇ? ಜೂನಿನಿಂದ ಸೆಪ್ಟೆಂಬರಿನವರೆಗೆ, ಮುಂಗಾರಿನ ಉದ್ದಕ್ಕೂ ಗಾಳಿ ಪಡುವಣದಿಂದ ಬೀಸುವುದರಿಂದ, ವಿಮಾನಗಳು ಪೂರ್ವದಿಂದ ಬಂದು ಇಳಿದು ಪಶ್ಚಿಮಕ್ಕೆ ಏರುತ್ತವೆ. ಹಿಂಗಾರು ಕಾಲಿಟ್ಟು ಮೂಡಣ ಗಾಳಿ ಶುರುವಾದರೆ ಎಲ್ಲವೂ ತಿರುಗುಮುರುಗು: ಪಶ್ಚಿಮದಿಂದ, ಅಂದರೆ ಬಳ್ಳಾರಿ ರಸ್ತೆಯ ಕಡೆಯಿಂದ ಇಳಿತ, ಪೂರ್ವಕ್ಕೆ ಏರಿಕೆ. ಆಷಾಢದಲ್ಲಿ ಬೆಂಗಳೂರಿನ ಹಳೆಯ ಬಡಾವಣೆಗಳ ಮೇಲೆ ಹಾರುವ ಗಾಳಿಪಟದ ಬಾಲಂಗೋಚಿ ಯಾವ ಕಡೆಗೆ ವಾಲಿದೆ ಎಂದು ನೋಡಿದರೆ, ವಿಮಾನ ಯಾವ ಕಡೆಯಿಂದ ಇಳಿಯುತ್ತದೆ ಎಂದು ಹೇಳಬಹುದು. (ವಿಮಾನ ನಿಲ್ದಾಣದ ಸುತ್ತಮುತ್ತ ಮಾತ್ರ ಗಾಳಿಪಟ ಹಾರಿಸಕೂಡದು, ಅದು ನಿಜಕ್ಕೂ ಅಪಾಯ.) ಋತು ಬದಲಾಗುವ ಏಪ್ರಿಲ್, ಮೇ ಮತ್ತು ಅಕ್ಟೋಬರಿನಲ್ಲಿ ಒಂದೇ ದಿನದಲ್ಲಿ ದಿಕ್ಕು ಬದಲಾಗುವುದುಂಟು. ಮಧ್ಯಾಹ್ನದ ಗುಡುಗುಮಳೆಯ ಮುಂಚಿನ ತಂಪು ಗಾಳಿ ಮುಖಕ್ಕೆ ಬಡಿಯುತ್ತಿದ್ದಂತೆ, ಇಳಿಯಲು ಸಾಲುಗಟ್ಟಿದ್ದ ವಿಮಾನಗಳು ಒಂದೊಂದಾಗಿ ಸುತ್ತು ಹಾಕಿ ಎದುರು ತುದಿಗೆ ಹೋಗುವುದನ್ನು ನೋಡುವುದೇ ಒಂದು ಅನುಭವ.

ಹೀಗಾಗಿ ದೇವನಹಳ್ಳಿಯಲ್ಲಿ ನನಗೆ ಒಂದೇ ಜಾಗವಿಲ್ಲ. ಚಳಿಗಾಲದಲ್ಲಿ ಪಶ್ಚಿಮ ಬದಿ. ಸಾದಹಳ್ಳಿಯಿಂದ ದೇವನಹಳ್ಳಿಯ ಕಡೆಗೆ ಸಾಗುವ ಹೆದ್ದಾರಿಯನ್ನು ಇಳಿಯುವ ವಿಮಾನಗಳು ಅಡ್ಡ ದಾಟುತ್ತವೆ. ಹೆದ್ದಾರಿಯ ಮೇಲೆ ಗಾಡಿ ನಿಲ್ಲಿಸಿ ನೋಡುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ನೂರರ ವೇಗದಲ್ಲಿ ಬರುವ ಕಾರಿನವನಿಗೆ ಆಕಾಶ ನೋಡುತ್ತ ನಿಂತವರು ಕಾಣುವುದಿಲ್ಲ. ಹೆದ್ದಾರಿಯಿಂದ ಒಳಕ್ಕೆ ಹೋಗುವ ಹಳ್ಳಿ ರಸ್ತೆಗಳಲ್ಲಿ, ಜಮೀನಿನವರನ್ನು ಒಂದು ಮಾತು ಕೇಳಿ, ಮರದ ನೆರಳಿನಲ್ಲಿ ನಿಲ್ಲುವುದು ಲೇಸು. ವಿಮಾನ ಇಳಿಯುವ ಹಾದಿಯ ಓರೆ ಸಾಮಾನ್ಯವಾಗಿ 3 ಡಿಗ್ರಿ. ರನ್‌ವೇಯಿಂದ ಒಂದೊಂದು ಕಿಲೋಮೀಟರ್ ದೂರಕ್ಕೂ ಎತ್ತರ ಸುಮಾರು 52 ಮೀಟರಿನಂತೆ ಹೆಚ್ಚುತ್ತದೆ. ಇದೊಂದು ಲೆಕ್ಕ ತಿಳಿದಿದ್ದರೆ, ನಿಂತ ಜಾಗದಲ್ಲಿ ವಿಮಾನ ಎಷ್ಟು ಎತ್ತರದಲ್ಲಿ ಹಾದುಹೋಗುತ್ತದೆ ಎಂದು ಮೊದಲೇ ಅಂದಾಜು ಮಾಡಬಹುದು. ತೀರ ಹತ್ತಿರ ಹೋದರೆ ಹೊಟ್ಟೆಯ ಭಾಗವಷ್ಟೇ ಕಂಡು ಕ್ಷಣದಲ್ಲಿ ಮುಗಿದುಹೋಗುತ್ತದೆ. ಎರಡು ಕಿಲೋಮೀಟರ್ ದೂರ, ಹಾದಿಯಿಂದ ಸ್ವಲ್ಪ ಪಕ್ಕಕ್ಕೆ ನಿಂತರೆ ವಿಮಾನದ ಪೂರ್ಣ ಆಕಾರ ಬಹಳ ಹೊತ್ತು ಕಣ್ಣಿಗೆ ಸಿಗುತ್ತದೆ.

ಮುಂಗಾರಿನಲ್ಲಿ ನಾನು ಪೂರ್ವಕ್ಕೂ ದಕ್ಷಿಣಕ್ಕೂ ಹೋಗುತ್ತೇನೆ. ಹೆಣ್ಣೂರು, ಬಾಗಲೂರು, ಮೈಲನಹಳ್ಳಿ, ಬೇಗೂರು ಹಾದಿಯಲ್ಲಿ (ಇದು ಬೊಮ್ಮನಹಳ್ಳಿಯ ಕಡೆಯ ಬೇಗೂರಲ್ಲ, ಹೊಸಬರು ಗೊಂದಲ ಮಾಡಿಕೊಳ್ಳುತ್ತಾರೆ) ಬಂದರೆ ದಕ್ಷಿಣದ ರನ್‌ವೇಯ ಕಡೆಗೆ ತಲುಪಬಹುದು. ಏರುವ ವಿಮಾನ ನೋಡಬೇಕೆನ್ನುವವರು ಸಾಮಾನ್ಯವಾಗಿ ರನ್‌ವೇಯ ಕೊನೆಗೆ ಹೋಗುತ್ತಾರೆ, ಅದು ತಪ್ಪು. 4000 ಮೀಟರ್ ಉದ್ದದ ರನ್‌ವೇಯಲ್ಲಿ ಇಂಡಿಗೋದ ಎ320 (ಏರ್‌ಬಸ್ ಕಂಪನಿಯ ಸಣ್ಣ ಜೆಟ್) ಅರ್ಧದ ಸುಮಾರಿಗೇ ನೆಲ ಬಿಟ್ಟಿರುತ್ತದೆ. ಕೊನೆಯಲ್ಲಿ ನಿಂತವರಿಗೆ ಅದು ತಲೆಯ ಮೇಲೆ ಎಲ್ಲೋ ಇರುತ್ತದೆ. ನಡುಭಾಗಕ್ಕೆ ಪಕ್ಕದಲ್ಲಿ, ನೆಲ ಸ್ವಲ್ಪ ಎತ್ತರವಿರುವಲ್ಲಿ ನಿಂತರೆ ಮೂಗು ಮೇಲೇಳುವ ಆ ಕ್ಷಣವೇ ಕಣ್ಣೆದುರಿಗೆ ಬರುತ್ತದೆ. ದೂರದ ಊರಿಗೆ ಹೊಟ್ಟೆ ತುಂಬ ಇಂಧನ ತುಂಬಿಕೊಂಡು ಹೊರಡುವ ಬೋಯಿಂಗ್ 777ರಂಥವು ಮಾತ್ರ ಇನ್ನೂ ಬಹಳ ದೂರ ಓಡುತ್ತವೆ. ದೇವನಹಳ್ಳಿ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳುವಾದಷ್ಟೂ ರೆಕ್ಕೆಗೂ ಎಂಜಿನ್ನಿಗೂ ಶ್ರಮ ಹೆಚ್ಚು. ಅದೇ ವಿಮಾನ ಅದೇ ಭಾರ ಹೊತ್ತು ಚೆನ್ನೈಯಿಂದ ಏರುವುದನ್ನೂ ಇಲ್ಲಿಂದ ಏರುವುದನ್ನೂ ನೋಡಿದವರಿಗೆ ಈ ವ್ಯತ್ಯಾಸ ತಿಳಿಯುತ್ತದೆ.

ಗಾಳಿಯ ನಂತರದ ಮಾತು ಸೂರ್ಯನದು. ರನ್‌ವೇಗಳು ಪೂರ್ವ-ಪಶ್ಚಿಮವಾಗಿರುವುದರಿಂದ ಉತ್ತರಕ್ಕೋ ದಕ್ಷಿಣಕ್ಕೋ ನಿಲ್ಲಬೇಕು. ದಕ್ಷಿಣಕ್ಕೆ ನಿಂತರೆ ಬಿಸಿಲು ಬೆನ್ನಿಗೆ, ಬೆಳಕು ವಿಮಾನದ ಮೇಲೆ ಎಂಬ ಸೂತ್ರವನ್ನು ಯೂರೋಪಿನಂಥ ಉತ್ತರದ ದೇಶಗಳ ಸ್ಪಾಟರುಗಳು ಕಣ್ಣು ಮುಚ್ಚಿ ಪಾಲಿಸುತ್ತಾರೆ. ನಮ್ಮಲ್ಲಿ ಅದು ವರ್ಷಪೂರ್ತಿ ಸಲ್ಲುವುದಿಲ್ಲ. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಶೂನ್ಯ ನೆರಳಿನ ದಿನವೆಂದು ಮಕ್ಕಳು ಶಾಲೆಯ ಅಂಗಳದಲ್ಲಿ ಕೋಲು ನೆಟ್ಟು ನೋಡುತ್ತಾರಲ್ಲ, ಏಪ್ರಿಲ್ 24ರ ಆಸುಪಾಸಿನ ಆ ದಿನದಿಂದ ಆಗಸ್ಟ್ 18ರ ಸುಮಾರಿನವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಆ ತಿಂಗಳುಗಳಲ್ಲಿ ದಕ್ಷಿಣದಲ್ಲಿ ನಿಂತವರ ಕ್ಯಾಮೆರಾದಲ್ಲಿ ವಿಮಾನದ ಮೈ ಕಪ್ಪಾಗಿ ಬರುತ್ತದೆ. ನಾನು ಎರಡು ಮಳೆಗಾಲ ಚಿತ್ರಗಳನ್ನು ಕೆಡಿಸಿಕೊಂಡ ಮೇಲೆ ಇದು ಹೊಳೆಯಿತು. ನಡುಮಧ್ಯಾಹ್ನದಲ್ಲಿ ಕಾದ ಡಾಂಬರಿನಿಂದ ಏಳುವ ಝಳಕ್ಕೆ ದೂರದ ಮಸೂರದಲ್ಲಿ ಎಲ್ಲವೂ ನೀರಿನೊಳಗೆ ಅಲುಗಾಡಿದಂತೆ ಕಾಣುವುದರಿಂದ, ಬೆಳಗಿನ ಏಳರಿಂದ ಒಂಬತ್ತು, ಸಂಜೆ ನಾಲ್ಕೂವರೆಯ ನಂತರ ಎಂದು ಹೊತ್ತನ್ನು ಕಟ್ಟಿಕೊಳ್ಳುವುದು ಒಳ್ಳೆಯದು. ಡಿಸೆಂಬರ್, ಜನವರಿಯ ಬೆಳಗುಗಳಲ್ಲಿ ದೇವನಹಳ್ಳಿಯ ಬಯಲಿನಲ್ಲಿ ಮಂಜು ಇಳಿಯುತ್ತದೆ. ಆಗ ಇಳಿಯುವ ವಿಮಾನದ ಸದ್ದು ಮೊದಲು, ದೀಪ ಆಮೇಲೆ, ಮೈ ಕೊನೆಗೆ ಬರುತ್ತದೆ. ಚಿತ್ರಕ್ಕೆ ಏನೂ ಸಿಗುವುದಿಲ್ಲ, ಆದರೆ ಅಂಥ ಬೆಳಗುಗಳನ್ನು ನಾನು ಬಿಡುವುದಿಲ್ಲ.

ಒಂದು ಇಳಿತವನ್ನು ಹತ್ತಿರದಿಂದ ನೋಡಿ. ಎ320 ಗಂಟೆಗೆ ಸುಮಾರು 250 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ, ಆದರೆ ಎದುರಿನಿಂದ ನೋಡುವವರಿಗೆ ಅದು ಗಾಳಿಯಲ್ಲಿ ನಿಂತಂತೆ ಕಾಣುತ್ತದೆ. ಪಕ್ಕದ ಗಾಳಿಯಿದ್ದರೆ ಮೂಗು ರನ್‌ವೇಯಿಂದ ಓರೆಯಾಗಿ ತಿರುಗಿರುತ್ತದೆ. ನೆಲ ಇನ್ನೇನು ಮುಟ್ಟಬೇಕೆನ್ನುವಾಗ ಮೂಗು ನೇರವಾಗುತ್ತದೆ, ಸ್ವಲ್ಪ ಮೇಲೇಳುತ್ತದೆ, ಹಿಂದಿನ ಚಕ್ರಗಳು ಮುಟ್ಟಿದ ಕೂಡಲೇ ನೀಲಿ-ಬೂದು ಹೊಗೆಯ ಎರಡು ಉಂಡೆಗಳು ಏಳುತ್ತವೆ. ಆವರೆಗೆ ತಿರುಗದೆ ನೇತಾಡುತ್ತಿದ್ದ ಟೈರುಗಳು ಕ್ಷಣಾರ್ಧದಲ್ಲಿ ಅಷ್ಟು ವೇಗಕ್ಕೆ ಏರಬೇಕಾದ್ದರಿಂದ ರಬ್ಬರು ಸುಟ್ಟು ಬರುವ ಹೊಗೆ ಅದು. ಕೂಡಲೇ ರೆಕ್ಕೆಯ ಮೇಲ್ಭಾಗದ ಫಲಕಗಳು ಎದ್ದು ನಿಲ್ಲುತ್ತವೆ. ಹಾರಲು ಎತ್ತಿ ಹಿಡಿದಿದ್ದ ರೆಕ್ಕೆ ಅಲ್ಲಿಗೆ ತನ್ನ ಕೆಲಸ ಬಿಟ್ಟು ಭಾರವನ್ನೆಲ್ಲ ಚಕ್ರಕ್ಕೆ ಒಪ್ಪಿಸುತ್ತದೆ. ನೂರಾರು ಸಲ ನೋಡಿದರೂ ನನಗೆ ಇದು ಹಳತಾಗಿಲ್ಲ.

ಗುರುತಿಸುವುದನ್ನು ಕಲಿಯಲು ತಿಂಗಳು ಸಾಕು. ಎ320 ಮತ್ತು ಬೋಯಿಂಗ್ 737 ಎರಡೂ ಎರಡು ಎಂಜಿನ್ನಿನ ಸಣ್ಣ ಜೆಟ್‌ಗಳು. 737ರ ಬಾಲದ ಬುಡದಲ್ಲಿ ಬೆನ್ನಿಗೆ ಇಳಿಯುವ ಒಂದು ಮುಂಚಾಚು ಇರುತ್ತದೆ, ಏರಿದ ಮೇಲೆ ಮಡಚಿದ ಚಕ್ರಗಳ ಬದಿ ಹೊಟ್ಟೆಯಲ್ಲಿ ಕಪ್ಪು ಬಿಲ್ಲೆಗಳಂತೆ ಕಾಣುತ್ತಲೇ ಇರುತ್ತದೆ, ಏಕೆಂದರೆ ಅವುಗಳಿಗೆ ಪೂರ್ತಿ ಮುಚ್ಚಳವಿಲ್ಲ. ಆಕಾಸಾ ಏರ್‌ನ ವಿಮಾನಗಳೆಲ್ಲ 737 ಮ್ಯಾಕ್ಸ್ ಆದ್ದರಿಂದ ಅವುಗಳ ಮೇಲೆ ಕಣ್ಣನ್ನು ಪಳಗಿಸಿಕೊಳ್ಳಬಹುದು. 787ರ ಎಂಜಿನ್ ಕವಚದ ಹಿಂಬದಿ ಗರಗಸದ ಹಲ್ಲಿನಂತಿದೆ. ಎ350ಕ್ಕೆ ಪೈಲಟ್ ಕಿಟಕಿಗಳ ಸುತ್ತ ಕಪ್ಪು ಕಾಡಿಗೆ. 777ರ ಪ್ರತಿ ಬದಿಯಲ್ಲೂ ಆರು ಚಕ್ರಗಳ ಒಂದು ಗುಂಪು. ಎಟಿಆರ್ 72ಕ್ಕೆ ರೆಕ್ಕೆ ಮೈಯ ಮೇಲ್ಗಡೆ, ಆರು ಅಲಗಿನ ಪ್ರೊಪೆಲ್ಲರ್. ಅದರ ಚಿತ್ರ ತೆಗೆಯುವಾಗ ಶಟರ್ ವೇಗವನ್ನು ಸೆಕೆಂಡಿನ 250ನೇ ಒಂದು ಭಾಗಕ್ಕೆ ಇಳಿಸಿ, ಇಲ್ಲದಿದ್ದರೆ ಅಲಗುಗಳು ಹೆಪ್ಪುಗಟ್ಟಿದಂತೆ ನಿಂತು, ಎಂಜಿನ್ ಕೆಟ್ಟು ನಿಂತ ವಿಮಾನದಂತೆ ಕಾಣುತ್ತದೆ. ಕಲಬುರಗಿ, ಬೀದರ, ಬೆಳಗಾವಿಯ ಕಡೆಯವರಿಗೆ ಪರಿಚಿತವಾದ ಸ್ಟಾರ್ ಏರ್‌ನ ಎಂಬ್ರೇಯರ್ 145, ಬಾಲದ ಬುಡದಲ್ಲಿ ಎಂಜಿನ್ ಹೊತ್ತ ಪೆನ್ಸಿಲಿನಂಥ ವಿಮಾನ. ಆ ಬಗೆಯದು ಈಗ ದೇಶದಲ್ಲೇ ಅಪರೂಪ, ಬಿಡದೆ ನೋಡಿ.

ನೋಟ್‌ಬುಕ್ಕಿನಲ್ಲಿ ನಾನು ಬರೆಯುವುದು ದಿನಾಂಕ, ಹೊತ್ತು, ಗಾಳಿಯ ದಿಕ್ಕು, ನೋಂದಣಿ ಅಕ್ಷರಗಳು. ಭಾರತದ ವಿಮಾನಗಳ ನೋಂದಣಿ 'ವಿಟಿ' ಎಂದು ಶುರುವಾಗುತ್ತದೆ. ಅದು ವೈಸರಾಯ್ ಟೆರಿಟರಿ ಎಂಬುದರ ಸಂಕ್ಷೇಪ ಎಂದು ವಾಟ್ಸಾಪಿನಲ್ಲಿ ಓಡಾಡುವ ಕತೆಯನ್ನು ನಂಬಬೇಡಿ. ಬ್ರಿಟಿಷ್ ಸಾಮ್ರಾಜ್ಯದ ಭಾಗಗಳಿಗೆ 'ವಿ'ಯಿಂದ ಶುರುವಾಗುವ ರೇಡಿಯೊ ಸಂಕೇತಗಳನ್ನು ಹಂಚಿದಾಗ ನಮ್ಮ ಪಾಲಿಗೆ ಬಂದದ್ದು ಆ ಜೋಡಿ. ಮುಂದಿನ ಮೂರು ಅಕ್ಷರಗಳಲ್ಲೇ ಕೆಲವೊಮ್ಮೆ ವಿಮಾನದ ಕುಲ ತಿಳಿಯುತ್ತದೆ: ಏರ್ ಇಂಡಿಯಾದ ಮೊದಲ 787ಗಳದು 'ಎಎನ್' ಎಂದು ಶುರುವಾಗುವ ಸಾಲು, 777ಗಳದು 'ಎಎಲ್'. ಫ್ಲೈಟ್‌ರೇಡಾರ್24ರಂಥ ಆ್ಯಪ್‌ಗಳು ಬಂದ ಮೇಲೆ ಇದೆಲ್ಲ ಸುಲಭವಾಗಿದೆ. ವಿಮಾನವೇ ತನ್ನ ಸ್ಥಾನ, ಎತ್ತರ, ವೇಗಗಳನ್ನು 1090 ಮೆಗಾಹರ್ಟ್ಸ್‌ನಲ್ಲಿ ಬಿತ್ತರಿಸುತ್ತಿರುತ್ತದೆ; ಊರೂರಿನ ಹವ್ಯಾಸಿಗಳು ಮನೆಯ ಮೇಲೆ ಇಟ್ಟ ಸಣ್ಣ ಆ್ಯಂಟೆನಾಗಳು ಅದನ್ನು ಹಿಡಿದು ನಮ್ಮ ಫೋನಿಗೆ ತಲುಪಿಸುತ್ತವೆ. ಮಕ್ಕಳ ಜೊತೆ ಹೋದಾಗ ಮಾತ್ರ ನಾನು ಫೋನನ್ನು ಚೀಲದೊಳಗೆ ಇಡುತ್ತೇನೆ. ಆಕಾಶದಲ್ಲಿ ಚುಕ್ಕೆಯೊಂದು ಮೂಡಿ, ಅದು ಯಾವುದೆಂದು ಊಹಿಸಿ, ಬಾಲದ ಬಣ್ಣ ಕಾಣುವವರೆಗೆ ಉಸಿರು ಬಿಗಿಹಿಡಿಯುವ ಸುಖ ಅವರಿಗೂ ಸಿಗಬೇಕು.

ದೇವನಹಳ್ಳಿಗೆ ಬಂದ ದೊಡ್ಡವುಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದಿರುವುದು 2022ರ ಅಕ್ಟೋಬರ್ 14. ಎಮಿರೇಟ್ಸ್‌ನ ಎ380, ಎರಡು ಅಂತಸ್ತಿನ, 22 ಚಕ್ರಗಳ ವಿಮಾನ, ಮೊದಲ ಬಾರಿಗೆ ಬೆಂಗಳೂರಿಗೆ ಇಳಿದದ್ದು ಅಂದು ಹಗಲಿನಲ್ಲಿ. ಆ ತಿಂಗಳ ಕೊನೆಯಿಂದ ದಿನಾ ಬರತೊಡಗಿದಾಗ ಅದರ ಹೊತ್ತು ನಡುರಾತ್ರಿಯ ನಂತರಕ್ಕೆ ಹೋಯಿತು. ಯೂರೋಪು, ಕೊಲ್ಲಿ ದೇಶಗಳ ದೊಡ್ಡ ವಿಮಾನಗಳಲ್ಲಿ ಹೆಚ್ಚಿನವು ಇಲ್ಲಿಗೆ ಬರುವುದು ರಾತ್ರಿಯಲ್ಲೇ, ಆ ಊರುಗಳ ಹಗಲಿಗೆ ಹೊಂದಿಸಿಕೊಂಡು. ಆದ್ದರಿಂದ ಬೆಂಗಳೂರಿನ ಸ್ಪಾಟರ್ ಕೂತ ಕಡೆಯೇ ಕೂತು ಹಗಲಿನಲ್ಲಿ ನೋಡುವುದೆಲ್ಲ ಬಹುಪಾಲು ಎ320ಗಳೇ. ಟಿಕೆಟ್ ಇದ್ದು ಒಳಗೆ ಹೋಗುವ ದಿನ ಒಂದು ಗಂಟೆ ಮುಂಚೆ ಹೋಗಿ, ಬೋರ್ಡಿಂಗ್ ಗೇಟಿನ ಗಾಜಿನ ಬಳಿ ಕೂತುಬಿಡಿ. ದಾರಿ ಮಧ್ಯೆ ಬಿದಿರು, ಬಳ್ಳಿ, ತೂಗುತೋಟಗಳಿಂದ ತುಂಬಿದ ಎರಡನೇ ಟರ್ಮಿನಲ್ ಕಣ್ಣು ಸೆಳೆಯುತ್ತದೆ ನಿಜ, ಆದರೂ ಗಾಜಿನ ಹತ್ತಿರದ ಕುರ್ಚಿಯನ್ನು ಮೊದಲು ಹಿಡಿಯಿರಿ.

ಊರಿನೊಳಗಿನ ಉಳಿದ ಮೂರು ನೆಲೆಗಳ ಬಗ್ಗೆ ಎರಡು ಮಾತು. ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯ ಪುಟ್ಟ ಸೆಸ್ನಾ ವಿಮಾನಗಳು ಸುತ್ತು ಹೊಡೆಯುವುದನ್ನು ಆಸುಪಾಸಿನ ತಾರಸಿಗಳಿಂದ ನೋಡಬಹುದು. ಚಿಕ್ಕ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಮೊದಲ ಪಾಠವಿಲ್ಲ. ಯಲಹಂಕ ವಾಯುನೆಲೆಯಲ್ಲಿ 1996ರಿಂದ ಎರಡು ವರ್ಷಕ್ಕೊಮ್ಮೆ ನಡೆಯುವ ಏರೋ ಇಂಡಿಯಾಕ್ಕೆ ಟಿಕೆಟ್ ಕೊಂಡೇ ಹೋಗಿ. 2025ರ ಫೆಬ್ರವರಿಯಲ್ಲಿ ಅಮೆರಿಕದ ಎಫ್-35 ಮತ್ತು ರಷ್ಯಾದ ಸು-57 ಯುದ್ಧವಿಮಾನಗಳೆರಡೂ ಒಂದೇ ಪ್ರದರ್ಶನಕ್ಕೆ ಬಂದದ್ದನ್ನು ನೋಡಿದವರು ಅದನ್ನು ಮರೆಯುವುದಿಲ್ಲ. ಪ್ರದರ್ಶನದ ಹಿಂದಿನ ದಿನಗಳ ತಾಲೀಮಿನಲ್ಲಿ ಬೀದರಿನ ಸೂರ್ಯಕಿರಣ ತಂಡ ಒಂಬತ್ತು ಹಾಕ್ ವಿಮಾನಗಳೊಂದಿಗೆ ಹಾರುವಾಗ ಯಲಹಂಕದ ತಾರಸಿಗಳೆಲ್ಲ ತುಂಬಿರುತ್ತವೆ. ಆ ದಿನಗಳಲ್ಲಿ ಸುತ್ತಲಿನ ಮಾಂಸದಂಗಡಿಗಳನ್ನು ಮುಚ್ಚಿಸುತ್ತಾರೆ (2023ರಲ್ಲಿ ಹತ್ತು ಕಿಲೋಮೀಟರ್ ವ್ಯಾಪ್ತಿಗೆ). ಮಾಂಸದ ಚೂರಿಗೆ ಮುಗಿಬೀಳುವ ಹದ್ದುಗಳು ಎಂಜಿನ್ನಿಗೆ ಸಿಕ್ಕರೆ ಪೈಲಟ್ಟಿನ ಪ್ರಾಣಕ್ಕೇ ಅಪಾಯ.

ಎಚ್‌ಎಎಲ್‌ನ ಹಳೆಯ ರನ್‌ವೇಯ ಬಗ್ಗೆ ಮಾತ್ರ ನನಗೆ ಎರಡು ಮಾತು ಸಾಲದು. ವಿಷ್ಣು ಮಾಧವ ಘಾಟಗೆಯವರು ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಇಲ್ಲಿಂದಲೇ ಏರಿತು. ಕುರ್ಟ್ ಟ್ಯಾಂಕ್ ವಿನ್ಯಾಸ ಮಾಡಿದ ಮಾರುತ್ ಯುದ್ಧವಿಮಾನವನ್ನು 1961ರ ಜೂನ್ 17ರಂದು ಸುರಂಜನ್ ದಾಸ್ ಇಲ್ಲಿಂದ ಹಾರಿಸಿದರು. 2001ರ ಜನವರಿ 4ರಂದು ರಾಜೀವ್ ಕೊಠಿಯಾಲ್ ತೇಜಸ್ಸನ್ನು ಮೊದಲ ಬಾರಿಗೆ ಮೇಲೇರಿಸಿದ್ದೂ ಇದೇ ರನ್‌ವೇಯಿಂದ. ಆಚೆ ಬಸ್ಸು, ಆಟೋ, ತರಕಾರಿ ಗಾಡಿಗಳು ಓಡಾಡುವ ರಸ್ತೆ. ಈಚೆ ದೇಶದ ಮೊದಲುಗಳು. ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋದ ಮೇಲೂ ಅಲ್ಲಿ ಪರೀಕ್ಷಾ ಹಾರಾಟಗಳು ನಡೆಯುತ್ತವೆ. ಮಾರತಹಳ್ಳಿಯ ಹಾದಿಯಲ್ಲಿರುವ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋಗಿ ಮಾರುತ್‌ನ ರೆಕ್ಕೆಯ ಕೆಳಗೆ ನಿಂತಿದ್ದಾಗಲೇ ತೇಜಸ್ಸಿನ ಗುಡುಗು ಕೇಳಿದರೆ, ಅಂದಿನ ಪ್ರವೇಶ ಶುಲ್ಕಕ್ಕೆ ಹತ್ತರಷ್ಟು ಸಿಕ್ಕಂತೆ. ಆದರೆ ಯಲಹಂಕ, ಎಚ್‌ಎಎಲ್‌ಗಳಲ್ಲಿ ಬೇಲಿಯ ಬಳಿ ಕ್ಯಾಮೆರಾ ಎತ್ತಲೇಬೇಡಿ. ಅವು ರಕ್ಷಣಾ ನೆಲೆಗಳು.

ನಾಗರಿಕ ವಿಮಾನ ನಿಲ್ದಾಣಗಳಲ್ಲೂ ಎಚ್ಚರ ಬೇಕು. 2010ರ ಫೆಬ್ರವರಿಯಲ್ಲಿ ದೆಹಲಿ ವಿಮಾನ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ರನ್‌ವೇ ಕಾಣುವ ಕೋಣೆ ಕೇಳಿ ಪಡೆದಿದ್ದ ಇಬ್ಬರು ಬ್ರಿಟಿಷ್ ಹವ್ಯಾಸಿಗಳನ್ನು ಬಂಧಿಸಲಾಯಿತು; ಅವರು ದಂಡ ಕಟ್ಟಿ ಊರಿಗೆ ಮರಳುವಷ್ಟರಲ್ಲಿ ಸುಮಾರು ಎರಡು ತಿಂಗಳು ಕಳೆದಿತ್ತು. ನನಗೂ ಒಮ್ಮೆ, ಊರಿನ ಹೆಸರು ಬೇಡ, ನಿಲ್ದಾಣವೊಂದರ ಹೊರಗಿನ ರಸ್ತೆಯಲ್ಲಿ ಹೀಗೆ ಆಯಿತು. ಜೀಪಿನಲ್ಲಿ ಬಂದವರು ನನ್ನ ಕ್ಯಾಮೆರಾ ತೆಗೆದುಕೊಂಡು, ಎರಡು ಗಂಟೆ ಕೂರಿಸಿ, ಕಾರ್ಡಿನಲ್ಲಿದ್ದ ಚಿತ್ರಗಳನ್ನೆಲ್ಲ ಅಳಿಸಿದರು. ಅದರಲ್ಲಿ ವಿಮಾನದ ಚಿತ್ರಗಳಷ್ಟೇ ಅಲ್ಲ, ಅತ್ತಿಗೆಯ ಸೀಮಂತದ ಚಿತ್ರಗಳೂ ಇದ್ದವು. ಅಂದು ಅತ್ತುಬಿಟ್ಟಿದ್ದೆ. ಅಂದಿನಿಂದ ಬೇರೆ ಯಾವ ಚಿತ್ರವೂ ಇಲ್ಲದ ಖಾಲಿ ಕಾರ್ಡನ್ನು ಹಾಕಿಕೊಂಡು ಹೋಗುತ್ತೇನೆ, ಗುರುತಿನ ಚೀಟಿ ಇಟ್ಟುಕೊಂಡಿರುತ್ತೇನೆ, ಬೇಲಿಯಿಂದ ದೂರವೇ ನಿಲ್ಲುತ್ತೇನೆ, ಯಾರಾದರೂ ಬೇಡವೆಂದರೆ ವಾದ ಮಾಡದೆ ಹೊರಡುತ್ತೇನೆ. ಭದ್ರತೆಯವರು ತಮ್ಮ ಕೆಲಸ ಮಾಡುತ್ತಾರೆ. ನೋಡಲು ಬಂದವರಿಗೆ ಇಲ್ಲಿ ನಿಲ್ಲಿ ಎಂದು ತೋರಿಸುವ ಜಾಗವೇ ಇಲ್ಲದಿರುವುದು ನನ್ನ ಕೊರಗು.

ಏಕೆಂದರೆ ಅಂಥ ಜಾಗಗಳನ್ನು ನಾನು ಬೇರೆಡೆ ನೋಡಿದ್ದೇನೆ. ಜರ್ಮನಿಯ ಮ್ಯೂನಿಕ್ ವಿಮಾನ ನಿಲ್ದಾಣದಲ್ಲಿ ಸಂದರ್ಶಕರಿಗೆಂದೇ ಒಂದು ಗುಡ್ಡ ಕಟ್ಟಿದ್ದಾರೆ. ಸ್ಥಳೀಯ ರೈಲು ಅದರ ಬುಡದಲ್ಲೇ ನಿಲ್ಲುತ್ತದೆ, ಪಕ್ಕದಲ್ಲಿ ಹಳೆಯ ಸೂಪರ್ ಕಾನ್‌ಸ್ಟಲೇಶನ್, ಡಿಸಿ-3, ಜಂಕರ್ಸ್ ವಿಮಾನಗಳನ್ನು ನಿಲ್ಲಿಸಿದ್ದಾರೆ. ಅಲ್ಲಿ ಅಜ್ಜ ಅಜ್ಜಿಯರು ಬುತ್ತಿ ಬಿಚ್ಚಿ ಮೊಮ್ಮಕ್ಕಳ ಜೊತೆ ಕೂತಿದ್ದನ್ನು ನೋಡಿ ನನಗೆ ಅಪ್ಪನ ಸ್ಕೂಟರು ನೆನಪಾಯಿತು. ಟೋಕಿಯೊದ ಹನೇಡಾದಲ್ಲಿ ಟರ್ಮಿನಲ್‌ಗಳ ಮಾಳಿಗೆಯೇ ವೀಕ್ಷಣಾ ಅಟ್ಟ, ಶುಲ್ಕವಿಲ್ಲ. ಲಂಡನ್ನಿನಲ್ಲಿ ಮಗನ ಮನೆಗೋ ಮಗಳ ಮನೆಗೋ ಹೋಗುವ ಕನ್ನಡಿಗರು ಹ್ಯಾಟನ್ ಕ್ರಾಸ್ ಮೆಟ್ರೊ ನಿಲ್ದಾಣದಲ್ಲಿ ಇಳಿದು ಮರ್ಟಲ್ ಅವೆನ್ಯೂಗೆ ನಡೆದು ಹೋಗಬಹುದು. ಮನೆಗಳ ಸಾಲಿನ ಕೊನೆಯ ಹುಲ್ಲುಹಾಸಿನ ಮೇಲೆ ಹೀಥ್ರೂವಿನ 27ಎಲ್‌ಗೆ ಇಳಿಯುವ ವಿಮಾನಗಳು ಹೆಂಚಿಗೆ ತಾಗುವಂತೆ ಬರುತ್ತವೆ. ಅಲ್ಲೂ ಗಾಳಿಯದೇ ಮಾತು: ಪಡುವಣ ಗಾಳಿಯ ದಿನ ಮಾತ್ರ. ಜೊತೆಗೆ, ಸುತ್ತಲಿನ ನಿವಾಸಿಗಳಿಗೆ ಅರ್ಧ ದಿನವಾದರೂ ಸದ್ದು ತಪ್ಪಲೆಂದು ಮಧ್ಯಾಹ್ನ ಮೂರು ಗಂಟೆಗೆ ಇಳಿಯುವ ರನ್‌ವೇಯನ್ನು ಬದಲಿಸುತ್ತಾರೆ. ಒಂದು ವಾರ ಬೆಳಗ್ಗೆ, ಮರುವಾರ ಸಂಜೆ ಎಂದು ನೋಡಿಕೊಂಡು ಹೋಗಬೇಕು. ಕೆರಿಬಿಯನ್‌ನ ಸಿಂಟ್ ಮಾರ್ಟನ್ ದ್ವೀಪದ ಮಾಹೊ ಕಡಲತೀರದ ಚಿತ್ರಗಳು ಎಲ್ಲರ ಫೋನಿನಲ್ಲೂ ಬಂದಿವೆ. ಅಲ್ಲಿ 2017ರ ಜುಲೈನಲ್ಲಿ, ಏರಲು ಹೊರಟ ವಿಮಾನದ ಎಂಜಿನ್ ಗಾಳಿಗೆ ಬೇಲಿ ಹಿಡಿದು ನಿಂತಿದ್ದ ಮಹಿಳೆಯೊಬ್ಬರು ಎಸೆಯಲ್ಪಟ್ಟು ತೀರಿಕೊಂಡರು. ಇಳಿಯುವ ವಿಮಾನದ ಮುಂದೆ ನಿಲ್ಲುವುದಕ್ಕೂ ಏರುವ ವಿಮಾನದ ಬೆನ್ನ ಹಿಂದೆ ನಿಲ್ಲುವುದಕ್ಕೂ ಭೂಮಿ ಆಕಾಶದ ಅಂತರವಿದೆ.

ದೇವನಹಳ್ಳಿಯಲ್ಲಿ ಕೆಂಪೇಗೌಡರ 108 ಅಡಿಯ ಪ್ರತಿಮೆ ನಿಂತಿದೆ, ಅದನ್ನು ನೋಡಲು ಜನ ಬರುತ್ತಾರೆ. ಹಾಗೆಯೇ ದಕ್ಷಿಣಕ್ಕೊಂದು ಉತ್ತರಕ್ಕೊಂದು ಎಂದು ಎರಡು ಮಣ್ಣಿನ ದಿಬ್ಬ ಕಟ್ಟಿ, ನಾಲ್ಕು ಕಲ್ಲುಬೆಂಚು ಹಾಕಿ, ಬಾಗಿಲಲ್ಲಿ ಚೀಲ ತಪಾಸಣೆ ಮಾಡಿ, ಹತ್ತೋ ಇಪ್ಪತ್ತೋ ರೂಪಾಯಿ ಟಿಕೆಟ್ ಇಟ್ಟರೆ, ಹೆದ್ದಾರಿಯ ಪಕ್ಕ ಅಪಾಯದಲ್ಲಿ ನಿಲ್ಲುವ ಜನರೆಲ್ಲ ಅಲ್ಲಿಗೆ ಬರುತ್ತಾರೆ. ದಿಬ್ಬ ಎರಡೇಕೆಂದರೆ, ಸೂರ್ಯ ವರ್ಷಕ್ಕೆ ಎರಡು ಬಾರಿ ಪಕ್ಷ ಬದಲಿಸುವ ಅಕ್ಷಾಂಶ ನಮ್ಮದು. ಸುತ್ತಲಿನ ಹಳ್ಳಿಯವರು ಚಕ್ಕೋತ, ದ್ರಾಕ್ಷಿ ಮಾರಿಕೊಳ್ಳಲೂ ಅನುಕೂಲ. ಆ ನೆಲವೆಲ್ಲ ಒಂದು ಕಾಲಕ್ಕೆ ಅವರ ಹೊಲವೇ.

ಕಳೆದ ಆಷಾಢದಲ್ಲಿ ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಪೂರ್ವದ ಕಡೆಯ ದ್ರಾಕ್ಷಿ ತೋಟವೊಂದರ ಪಕ್ಕಕ್ಕೆ ಹೋಗಿದ್ದೆ. ಅವರಿಗೆ ಈಗ ಕಣ್ಣು ಮಂಜು, ಮಡಚುವ ಕುರ್ಚಿ ಹಾಕಿ ಕೂರಿಸಿದೆ. ತೋಟದ ಯಜಮಾನರು ಬಂದು, "ಯಾರನ್ನ ಕಾಯ್ತಿದೀರ ಸ್ವಾಮಿ?" ಎಂದು ಕೇಳಿದರು. ಅಪ್ಪ ವಿಮಾನ ನೋಡಲು ಬಂದಿದ್ದೇವೆ ಎಂದಾಗ ಅವರು ತಲೆಯ ಮೇಲಿನ ಟವಲನ್ನು ತೆಗೆದು ಒಂದು ತುದಿ ಹಿಡಿದು ಎತ್ತಿದರು. ಅದು ಮೂಡಣಕ್ಕೆ ಹಾರಿತು. "ಇವತ್ತೆಲ್ಲ ಇಲ್ಲೇ ಬರ್ತಾವೆ ಕೂತ್ಕೊಳ್ಳಿ, ಸಂಜೆ ಮಳೆ ಬಂದ್ರೆ ಮಾತ್ರ ಗ್ಯಾರಂಟಿ ಇಲ್ಲ" ಎಂದು ಹೇಳಿ ಬಳ್ಳಿ ಕಟ್ಟಲು ಹೋದರು. ಸಂಜೆಯವರೆಗೆ ಮಳೆ ಬರಲಿಲ್ಲ. ಅಪ್ಪ ಸದ್ದಿನಲ್ಲೇ ಎಟಿಆರ್ ಯಾವುದು, ಜೆಟ್ ಯಾವುದು ಎಂದು ಹೇಳುತ್ತ ಹೋದರು, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತ ಹೋದೆ: ಗಾಳಿ ಪಡುವಣ, ರನ್‌ವೇ 27, ಒಟ್ಟು 61.